ಅಕ್ಷಿಪಟಲ: ರಚನೆ, ಕಾರ್ಯವಿಧಾನ ಮತ್ತು ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ದೃಷ್ಟಿ ಸಂಬಂಧಿತ ಅಂಗವಿಕಲತೆಯ ಪ್ರಮಾಣಪತ್ರ, ವಾಹನ ಚಾಲನಾ ಪರವಾನಗಿ ಮುಂತಾದ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಹಲವು ಸಂದರ್ಭಗಳಲ್ಲಿ ಕಣ್ಣಿನ ತಪಾಸಣೆಗೆ ಒಳಗಾಗಬೇಕಾಗುತ್ತದೆ. ಇಂತಹ ತಪಾಸಣೆಯ ವರದಿಗಳಲ್ಲಿ ದೃಷ್ಟಿ ತೀಕ್ಷ್ಣತೆ, ದೃಷ್ಟಿ ಕ್ಷೇತ್ರ ಮತ್ತು ವರ್ಣದೃಷ್ಟಿ ಎಂಬ ಅಂಶಗಳು ಬೇರೆ ಬೇರೆಯಾಗಿ ನಮೂದಾಗಿರುತ್ತವೆ. ಕಾಣುವುದು ಒಂದೇ ಕ್ರಿಯೆಯಾಗಿರುವಾಗ ಅದಕ್ಕೆ ಮೂರು ಬಗೆಯ ಅಳತೆಗಳು ಏಕೆ ಎಂಬ ಪ್ರಶ್ನೆ ಅರ್ಜಿದಾರರಲ್ಲಿ ಮೂಡುವುದು ಸಹಜ. ‘ದಾರಿಯಲ್ಲಿ ಸರಾಗವಾಗಿ ನಡೆಯುತ್ತಾರೆ, ಆದರೆ ಪತ್ರ ಓದಲಾರರು’ ಅಥವಾ ‘ಪತ್ರ ಓದುತ್ತಾರೆ, ಆದರೆ ನಡೆಯುವಾಗ ಎಡವುತ್ತಾರೆ’ ಎಂಬ ಕಾರಣಕ್ಕೆ ಕೆಲವರ ದೃಷ್ಟಿದೋಷವನ್ನು ಮನೆಯವರೇ ಸಂಶಯಿಸುವುದೂ ಉಂಟು. ಈ ಎರಡೂ ಸ್ಥಿತಿಗಳು ನಿಜವಾಗಿಯೂ ಇರುತ್ತವೆ. ಇವುಗಳ ಕಾರಣವು ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ ರಚನೆಯಲ್ಲಿ ಅಡಗಿದೆ. ಸಾರ್ವಜನಿಕರ ಮಾಹಿತಿಗಾಗಿ ಆ ರಚನೆ ಮತ್ತು ಕಾರ್ಯವಿಧಾನವನ್ನು ಈ ಕೆಳಗೆ ವಿವರಿಸಲಾಗಿದೆ.

2. ಅಕ್ಷಿಪಟಲ ಎಂದರೇನು?

ವಯಸ್ಕರ ಕಣ್ಣುಗುಡ್ಡೆಯು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಹೊರಗಿನ ಬೆಳಕು ಮುಂಭಾಗದ ಪಾರದರ್ಶಕ ಕಾರ್ನಿಯಾ, ಪಾಪೆ ಹಾಗೂ ಮಸೂರದ ಮೂಲಕ ಹಾದು ಕಣ್ಣಿನ ಹಿಂಬದಿಯ ಒಳಗೋಡೆಯ ಮೇಲೆ ಬಿಂಬವಾಗಿ ಬೀಳುತ್ತದೆ. ಈ ಬಿಂಬವು ತಲೆಕೆಳಗಾಗಿರುತ್ತದೆ. ಒಳಗೋಡೆಗೆ ಹಾಸಿದಂತಿರುವ, ಬೆಳಕನ್ನು ಗ್ರಹಿಸುವ ತೆಳುವಾದ ಪೊರೆಯೇ ಅಕ್ಷಿಪಟಲ. ಇದನ್ನು ಆಸ್ಪತ್ರೆಗಳಲ್ಲಿ ರೆಟಿನಾ ಎಂದು ಕರೆಯುವುದು ವಾಡಿಕೆ. ಇದರ ದಪ್ಪ ಬಹುತೇಕ ಕಡೆಗಳಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ.

ಅಕ್ಷಿಪಟಲವನ್ನು ಕ್ಯಾಮೆರಾದ ಫಿಲ್ಮಿಗೆ ಹೋಲಿಸುವುದು ರೂಢಿಯಲ್ಲಿದೆಯಾದರೂ ಆ ಹೋಲಿಕೆ ಪೂರ್ಣವಲ್ಲ. ಫಿಲ್ಮು ಬಿದ್ದ ಬೆಳಕನ್ನು ದಾಖಲಿಸುತ್ತದೆಯೇ ಹೊರತು ಅದನ್ನು ವಿಮರ್ಶಿಸುವುದಿಲ್ಲ. ಅಕ್ಷಿಪಟಲವಾದರೋ ಗರ್ಭಸ್ಥ ಶಿಶುವಿನ ಮೆದುಳಿನಿಂದಲೇ ಕವಲೊಡೆದು ಮುಂದೆ ಬಂದು ಬೆಳೆದ ನರ ಅಂಗಾಂಶವಾಗಿದ್ದು, ಬಂದ ಮಾಹಿತಿಯನ್ನು ಅಲ್ಲಿಯೇ ಪರಿಶೀಲಿಸಿ, ಸಂಗ್ರಹಿಸಿ ಮೆದುಳಿಗೆ ರವಾನಿಸುತ್ತದೆ. ಮೆದುಳಿನ ಭಾಗವೇ ಆಗಿರುವುದರಿಂದ, ಒಮ್ಮೆ ನಾಶವಾದ ಇದರ ನರಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಕ್ಷಿಪಟಲದ ಕಾಯಿಲೆಗಳಲ್ಲಿ ವಿಳಂಬವು ಅಪಾಯಕಾರಿಯಾಗಲು ಇದೇ ಮುಖ್ಯ ಕಾರಣ.

3. ಪದರಗಳ ವಿನ್ಯಾಸ

ಸೂಕ್ಷ್ಮದರ್ಶಕದಲ್ಲಿ ಅಕ್ಷಿಪಟಲವನ್ನು ಹತ್ತು ಪದರಗಳಾಗಿ ಗುರುತಿಸಲಾಗುತ್ತದೆ. ಕಾರ್ಯದೃಷ್ಟಿಯಿಂದ ಅವುಗಳನ್ನು ಈ ಕೆಳಕಂಡಂತೆ ನಾಲ್ಕು ಹಂತಗಳಾಗಿ ತಿಳಿಯಬಹುದು.

(ಅ) ವರ್ಣಕ ಪದರ: ಎಲ್ಲಕ್ಕಿಂತ ಹಿಂದೆ ಇರುವ ಕಪ್ಪು ಬಣ್ಣದ ಕೋಶಗಳ ಸಾಲು. ಇದು ಹೆಚ್ಚುವರಿ ಬೆಳಕನ್ನು ಹೀರಿಕೊಂಡು ಬಿಂಬವು ಮಸುಕಾಗದಂತೆ ತಡೆಯುತ್ತದೆ ಹಾಗೂ ಮುಂದಿನ ಪದರಕ್ಕೆ ಪೋಷಣೆ ಒದಗಿಸುತ್ತದೆ.

(ಆ) ಬೆಳಕು ಗ್ರಾಹಕ ಕೋಶಗಳು: ಬೆಳಕನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ದಂಡಕೋಶಗಳು ಮತ್ತು ಶಂಕುಕೋಶಗಳು.

(ಇ) ಮಧ್ಯವರ್ತಿ ಕೋಶಗಳು: ಗ್ರಾಹಕ ಕೋಶಗಳಿಂದ ಸಂಕೇತವನ್ನು ಪಡೆದು ಮುಂದಕ್ಕೆ ಸಾಗಿಸುವ ದ್ವಿಧ್ರುವ ಕೋಶಗಳು ಹಾಗೂ ಅಕ್ಕಪಕ್ಕದ ಸಂಕೇತಗಳನ್ನು ಪರಸ್ಪರ ಹೋಲಿಸಿ ಸರಿಹೊಂದಿಸುವ ಅಡ್ಡಕೋಶಗಳು.

(ಈ) ನರಗ್ರಂಥಿ ಕೋಶಗಳು: ಎಲ್ಲಕ್ಕಿಂತ ಮುಂದಿರುವ ಈ ಕೋಶಗಳ ಉದ್ದನೆಯ ತಂತುಗಳು ಒಂದುಗೂಡಿ ದೃಷ್ಟಿನರವಾಗಿ ಮೆದುಳಿಗೆ ಸಾಗುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬೆಳಕನ್ನು ಗ್ರಹಿಸುವ ಕೋಶಗಳು ಬೆಳಕು ಬರುವ ದಿಕ್ಕಿಗೆ ಮುಂಚೂಣಿಯಲ್ಲಿರದೆ ಹಿಂದಿನ ಸಾಲಿನಲ್ಲಿವೆ. ಬೆಳಕು ಉಳಿದೆಲ್ಲ ಪದರಗಳನ್ನು ದಾಟಿ ಅವುಗಳನ್ನು ತಲುಪಬೇಕು. ಬಳಿಕ ಸಂಕೇತವು ಅದೇ ದಾರಿಯಲ್ಲಿ ಹಿಮ್ಮುಖವಾಗಿ ಮುಂದಿನ ಸಾಲಿಗೆ ಬರಬೇಕು. ಮೇಲ್ನೋಟಕ್ಕೆ ವಿಪರೀತವೆನಿಸುವ ಈ ಏರ್ಪಾಡಿಗೆ ಒಂದು ಪ್ರಯೋಜನವಿದೆ. ಗ್ರಾಹಕ ಕೋಶಗಳು ಅಪಾರ ಪ್ರಮಾಣದ ಆಮ್ಲಜನಕವನ್ನು ಬಳಸುತ್ತವೆ. ಅವು ಹಿಂದಿನ ಸಾಲಿನಲ್ಲಿರುವುದರಿಂದ ವರ್ಣಕ ಪದರದ ಹಿಂದೆ ಇರುವ ದಟ್ಟವಾದ ರಕ್ತನಾಳಗಳ ಹಾಸಿನಿಂದ ಆಮ್ಲಜನಕವನ್ನು ಸತತವಾಗಿ ಪಡೆಯಬಲ್ಲವು. ಒಳಪದರಗಳಿಗೆ ಬೇರೊಂದು ರಕ್ತನಾಳದಿಂದ ಸರಬರಾಜು ಆಗುತ್ತದೆ. ಅಂದರೆ ಅಕ್ಷಿಪಟಲಕ್ಕೆ ರಕ್ತ ಪೂರೈಕೆಯ ಮೂಲಗಳು ಎರಡು. ಇವುಗಳಲ್ಲಿ ಯಾವುದೊಂದು ನಿಂತರೂ ಸಂಬಂಧಿಸಿದ ಪದರಗಳಿಗೆ ಹಾನಿಯುಂಟಾಗುತ್ತದೆ.

4. ದಂಡಕೋಶಗಳು ಮತ್ತು ಶಂಕುಕೋಶಗಳು

ಒಂದು ಕಣ್ಣಿನಲ್ಲಿ ದಂಡಕೋಶಗಳ ಸಂಖ್ಯೆ ಸುಮಾರು 9ರಿಂದ 12 ಕೋಟಿ; ಶಂಕುಕೋಶಗಳ ಸಂಖ್ಯೆ ಸುಮಾರು 45ರಿಂದ 60 ಲಕ್ಷ. ದಂಡಕೋಶಗಳು ಮಂದ ಬೆಳಕಿನಲ್ಲಿ ಕಾಣಲು ನೆರವಾಗುತ್ತವೆ. ಅವುಗಳಿಗೆ ಬಣ್ಣದ ವಿವೇಚನೆ ಇರುವುದಿಲ್ಲ. ಶಂಕುಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಆದರೆ ಬಣ್ಣ ಮತ್ತು ಸೂಕ್ಷ್ಮ ವಿವರಗಳನ್ನು ತಿಳಿಸುವುದು ಅವುಗಳೇ.

ಶಂಕುಕೋಶಗಳಲ್ಲಿ ಮೂರು ಬಗೆಗಳಿವೆ. ಒಂದು ಬಗೆಯು ನೀಲಿಯ ಕಡೆಯ ಅಲ್ಪ ತರಂಗಾಂತರದ ಬೆಳಕಿಗೆ, ಇನ್ನೊಂದು ಹಸಿರಿನ ಕಡೆಯ ಮಧ್ಯಮ ತರಂಗಾಂತರಕ್ಕೆ, ಮತ್ತೊಂದು ಕೆಂಪಿನ ಕಡೆಯ ದೀರ್ಘ ತರಂಗಾಂತರಕ್ಕೆ ಹೆಚ್ಚಾಗಿ ಸ್ಪಂದಿಸುತ್ತವೆ. ಒಂದೊಂದು ಬಗೆಯು ಬಿಡಿಯಾಗಿ ಬಣ್ಣವನ್ನು ನಿರ್ಧರಿಸಲಾರದು. ಮೂರೂ ಬಗೆಗಳ ಸಂಕೇತಗಳನ್ನು ಹೋಲಿಸಿದಾಗ ಮಾತ್ರ ಬಣ್ಣದ ಅರಿವು ಉಂಟಾಗುತ್ತದೆ.

ದಂಡ ಮತ್ತು ಶಂಕುಕೋಶಗಳ ನಡುವಿನ ಈ ಕಾರ್ಯಹಂಚಿಕೆಯನ್ನು ಯಾರಾದರೂ ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಹಗಲಿನಲ್ಲಿ ಎದ್ದು ಕಾಣುವ ಕೆಂಪು ದಾಸವಾಳವು ಮುಸ್ಸಂಜೆಯಾದಂತೆ ಕಪ್ಪಾಗುತ್ತಾ ಹೋಗುತ್ತದೆ. ಅದೇ ಗಿಡದ ಹಸಿರೆಲೆಗಳು ಹೂವಿಗಿಂತ ತಿಳಿಯಾಗಿ ತೋರುತ್ತವೆ. ಮಂದ ಬೆಳಕಿನಲ್ಲಿ ಕೆಲಸ ವಹಿಸಿಕೊಳ್ಳುವ ದಂಡಕೋಶಗಳು ಕೆಂಪು ಬೆಳಕಿಗೆ ಬಹುಮಟ್ಟಿಗೆ ಸ್ಪಂದಿಸದಿರುವುದೇ ಇದಕ್ಕೆ ಕಾರಣ.

5. ಬೆಳಕು ಸಂಕೇತವಾಗುವ ಬಗೆ

ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ಬೆಳಕುಸಂವೇದಿ ವಸ್ತು ಇರುತ್ತದೆ. ಇದು ಒಂದು ಪ್ರೋಟೀನು ಮತ್ತು ವಿಟಮಿನ್ ‘ಎ’ಯಿಂದ ದೊರೆಯುವ ರೆಟಿನಾಲ್ ಎಂಬ ಅಣು ಸೇರಿ ಆಗಿರುವಂಥದ್ದು. ಈ ಅಣುವು ಕತ್ತಲಿನಲ್ಲಿ ಬಾಗಿದ ಆಕಾರದಲ್ಲಿರುತ್ತದೆ. ಬೆಳಕು ತಾಗಿದ ಕೂಡಲೇ ಅದು ನೆಟ್ಟಗಾಗುತ್ತದೆ. ಈ ಒಂದು ಸಣ್ಣ ಬದಲಾವಣೆಯು ಕೋಶದೊಳಗೆ ಸರಣಿ ರಾಸಾಯನಿಕ ಕ್ರಿಯೆಗಳನ್ನು ಆರಂಭಿಸಿ ವಿದ್ಯುತ್ ಸಂಕೇತವನ್ನು ಉಂಟುಮಾಡುತ್ತದೆ. ದೃಷ್ಟಿಯ ಈ ರಾಸಾಯನಿಕ ಮತ್ತು ಶಾರೀರಿಕ ಕ್ರಿಯೆಗಳನ್ನು ವಿವರಿಸಿದ ಜಾರ್ಜ್ ವಾಲ್ಡ್, ಹಾಲ್ಡನ್ ಕೆಫರ್ ಹಾರ್ಟ್‌ಲೈನ್ ಮತ್ತು ರಾಗ್ನರ್ ಗ್ರಾನಿಟ್ ಅವರಿಗೆ 1967ರಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು.

ವಿಶೇಷವೆಂದರೆ, ಗ್ರಾಹಕ ಕೋಶಗಳು ಕತ್ತಲಿನಲ್ಲಿ ಸುಮ್ಮನಿರುವುದಿಲ್ಲ. ಕತ್ತಲಿನಲ್ಲಿ ಅವು ರಾಸಾಯನಿಕ ಸಂದೇಶವನ್ನು ಎಡೆಬಿಡದೆ ಬಿಡುಗಡೆ ಮಾಡುತ್ತಿರುತ್ತವೆ. ಬೆಳಕು ಬಿದ್ದಾಗ ಆ ಬಿಡುಗಡೆ ಕಡಿಮೆಯಾಗುತ್ತದೆ. ಸಂದೇಶದ ಈ ಇಳಿಕೆಯನ್ನೇ ಮುಂದಿನ ಕೋಶಗಳು ‘ಬೆಳಕು ಬಂದಿದೆ’ ಎಂದು ಅರ್ಥೈಸಿಕೊಳ್ಳುತ್ತವೆ.

ನೆಟ್ಟಗಾದ ಅಣುವು ಮತ್ತೆ ಬಾಗಿದ ಆಕಾರಕ್ಕೆ ಬಂದ ನಂತರವೇ ಮರುಬಳಕೆಗೆ ಸಿದ್ಧವಾಗುತ್ತದೆ. ದಂಡಕೋಶಗಳ ಮಟ್ಟಿಗೆ ಈ ದುರಸ್ತಿ ನಡೆಯುವುದು ಹಿಂದಿನ ವರ್ಣಕ ಪದರದಲ್ಲಿ. ಇದಕ್ಕೆ ಕಾಲಾವಕಾಶ ಬೇಕು. ಬಿಸಿಲಿನಿಂದ ಚಲನಚಿತ್ರ ಮಂದಿರದ ಒಳಗೆ ಬಂದವರಿಗೆ ಮೊದಲು ಏನೂ ಕಾಣದೆ, ಕೆಲ ನಿಮಿಷಗಳ ನಂತರ ಆಸನಗಳು ಗೋಚರಿಸುವುದು ಈ ಕಾರಣದಿಂದ. ಕಣ್ಣು ಕತ್ತಲಿಗೆ ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು 30 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಸಮಯ ಬೇಕಾಗುತ್ತದೆ.

ಆಹಾರದಲ್ಲಿ ವಿಟಮಿನ್ ‘ಎ’ ಕೊರತೆಯಾದಲ್ಲಿ ರೊಡಾಪ್ಸಿನ್ ತಯಾರಿಕೆ ಕುಂಠಿತಗೊಂಡು ಇರುಳುಗಣ್ಣು ಉಂಟಾಗುತ್ತದೆ. ಕೊರತೆ ಮುಂದುವರಿದಲ್ಲಿ ಕಾರ್ನಿಯಾ ಕೂಡ ಹಾಳಾಗಬಹುದು. ಇದನ್ನು ತಡೆಗಟ್ಟಲು ರಾಷ್ಟ್ರೀಯ ಕಾರ್ಯಕ್ರಮದಡಿ ಮಕ್ಕಳಿಗೆ 9ನೇ ತಿಂಗಳಿನಿಂದ 5 ವರ್ಷದವರೆಗೆ ಒಟ್ಟು 9 ಬಾರಿ ವಿಟಮಿನ್ ‘ಎ’ ದ್ರಾವಣವನ್ನು ನೀಡಲಾಗುತ್ತದೆ. ನುಗ್ಗೆ ಸೊಪ್ಪು, ಪಪ್ಪಾಯಿ, ಮಾವು, ಗಜ್ಜರಿ, ಹಾಲು ಮತ್ತು ಮೊಟ್ಟೆಗಳಿಂದಲೂ ಇದು ದೊರೆಯುತ್ತದೆ.

6. ಸಂಕೇತಗಳ ಕ್ರೋಡೀಕರಣ

ಒಂದು ಕಣ್ಣಿನ ಗ್ರಾಹಕ ಕೋಶಗಳ ಒಟ್ಟು ಸಂಖ್ಯೆ ಹತ್ತು ಕೋಟಿಯ ಆಸುಪಾಸಿನಲ್ಲಿದ್ದರೆ, ದೃಷ್ಟಿನರದಲ್ಲಿರುವ ತಂತುಗಳು ಕೇವಲ 10ರಿಂದ 12 ಲಕ್ಷದಷ್ಟು. ಅಂದರೆ ಸರಾಸರಿ ಸುಮಾರು ನೂರು ಕೋಶಗಳ ಮಾಹಿತಿಯು ಒಂದು ತಂತುವಿನಲ್ಲಿ ಸಾಗಬೇಕು. ಬಿಡಿ ರಸೀದಿಗಳನ್ನು ಹಾಗೆಯೇ ಕೇಂದ್ರ ಕಚೇರಿಗೆ ಕಳುಹಿಸದೆ, ಶಾಖೆಯಲ್ಲಿಯೇ ಕ್ರೋಡೀಕರಿಸಿ ತಃಖ್ತೆಯನ್ನು ಮಾತ್ರ ಸಲ್ಲಿಸುವ ಪದ್ಧತಿಗೆ ಇದನ್ನು ಹೋಲಿಸಬಹುದು. ಎಲ್ಲೆಡೆ ಒಂದೇ ಸಮನಾಗಿರುವ ಬೆಳಕಿನ ಬಗ್ಗೆ ಅಕ್ಷಿಪಟಲವು ಹೆಚ್ಚು ವರದಿ ಮಾಡುವುದಿಲ್ಲ. ಬೆಳಕು ಎಲ್ಲಿ ಬದಲಾಗುತ್ತದೆಯೋ, ಅಂದರೆ ವಸ್ತುಗಳ ಅಂಚು, ಗೆರೆ ಮತ್ತು ಚಲನೆ ಎಲ್ಲಿದೆಯೋ, ಅಲ್ಲಿನ ಮಾಹಿತಿಗೆ ಆದ್ಯತೆ ನೀಡುತ್ತದೆ.

ಆದರೆ ಈ ಕ್ರೋಡೀಕರಣವು ಎಲ್ಲ ಭಾಗಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ನಡೆಯುವುದಿಲ್ಲ. ಪೀಠಿಕೆಯಲ್ಲಿ ತಿಳಿಸಿದ ಪ್ರಶ್ನೆಗೆ ಉತ್ತರ ದೊರೆಯುವುದು ಈ ವ್ಯತ್ಯಾಸದಲ್ಲಿಯೇ.

7. ಮಧ್ಯಭಾಗ, ಅಂಚು ಮತ್ತು ಅಂಧಬಿಂದು

(ಅ) ಮಧ್ಯಭಾಗ: ಅಕ್ಷಿಪಟಲದ ನಡುವೆ ಸುಮಾರು 5.5 ಮಿಲಿಮೀಟರ್ ಅಗಲದ ಮ್ಯಾಕ್ಯುಲಾ ಎಂಬ ಪ್ರದೇಶವಿದ್ದು, ಅದರ ಕೇಂದ್ರದಲ್ಲಿ ಫೋವಿಯಾ ಎಂಬ ಸಣ್ಣ ಗುಳಿ ಇರುತ್ತದೆ. ಈ ಗುಳಿಯ ನಟ್ಟನಡುವೆ ದಂಡಕೋಶಗಳಾಗಲಿ ರಕ್ತನಾಳಗಳಾಗಲಿ ಇಲ್ಲ. ಒತ್ತೊತ್ತಾಗಿ ಜೋಡಿಸಿದ ಶಂಕುಕೋಶಗಳು ಮಾತ್ರ ಇರುತ್ತವೆ. ಇಲ್ಲಿ ಪ್ರತಿ ಶಂಕುಕೋಶಕ್ಕೂ ಬಹುತೇಕ ಸ್ವಂತ ಮಾರ್ಗವಿದ್ದು, ಕ್ರೋಡೀಕರಣ ನಡೆಯುವುದಿಲ್ಲವೆಂದೇ ಹೇಳಬಹುದು. ಓದುವುದು, ದಾರ ಪೋಣಿಸುವುದು, ಮುಖ ಗುರುತಿಸುವುದು, ಇವೆಲ್ಲವೂ ಈ ಪುಟ್ಟ ಜಾಗದ ಕೆಲಸ.

(ಆ) ಅಂಚು: ಮಧ್ಯದಿಂದ ದೂರ ಸರಿದಂತೆ ನೂರಾರು ದಂಡಕೋಶಗಳು ಒಂದೇ ತಂತುವಿಗೆ ವರದಿ ಮಾಡುತ್ತವೆ. ಇದರಿಂದ ಸೂಕ್ಷ್ಮ ವಿವರ ನಷ್ಟವಾದರೂ ಅತಿ ಮಂದ ಬೆಳಕು ಮತ್ತು ಚಲನೆಯನ್ನು ಗುರುತಿಸುವ ಶಕ್ತಿ ಹೆಚ್ಚುತ್ತದೆ. ಮಸುಕಾದ ನಕ್ಷತ್ರವನ್ನು ನೇರವಾಗಿ ನೋಡಿದರೆ ಅದು ಮರೆಯಾಗಿ, ನೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮತ್ತೆ ಕಾಣಿಸುವುದು ಈ ಕಾರಣಕ್ಕಾಗಿ. ರಸ್ತೆ ದಾಟುವಾಗ ಪಕ್ಕದಿಂದ ಬರುವ ವಾಹನವನ್ನು ಮೊದಲು ಸೂಚಿಸುವುದೂ ಅಂಚಿನ ಭಾಗವೇ.

(ಇ) ಅಂಧಬಿಂದು: ದೃಷ್ಟಿನರವು ಕಣ್ಣಿನಿಂದ ಹೊರಹೋಗುವ ಸ್ಥಳದಲ್ಲಿ ಗ್ರಾಹಕ ಕೋಶಗಳಿಲ್ಲ. ಆದುದರಿಂದ ಅಲ್ಲಿ ಬಿದ್ದ ಬಿಂಬವು ಕಾಣುವುದಿಲ್ಲ. ಬಿಳಿ ಹಾಳೆಯ ಮೇಲೆ ಸುಮಾರು 8 ಸೆಂಟಿಮೀಟರ್ ಅಂತರದಲ್ಲಿ ಎಡಕ್ಕೆ ಒಂದು ಗುಣಿಸು ಚಿಹ್ನೆ, ಬಲಕ್ಕೆ ಒಂದು ಕಪ್ಪು ಚುಕ್ಕೆ ಬರೆದು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಬದಿಯ ಚಿಹ್ನೆಯನ್ನೇ ದಿಟ್ಟಿಸುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತಂದರೆ, ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಆ ಜಾಗದಲ್ಲಿ ಕಪ್ಪು ರಂಧ್ರ ಕಾಣದೆ ಬಿಳಿ ಹಾಳೆಯೇ ಮುಂದುವರಿದಂತೆ ತೋರುತ್ತದೆ. ಕೊರತೆಯನ್ನು ಮೆದುಳು ಸುತ್ತಲಿನ ಮಾಹಿತಿಯಿಂದ ತುಂಬಿಕೊಳ್ಳುತ್ತದೆ.

ಮೇಲ್ಕಂಡ ಸಂಗತಿಗೆ ಆರೋಗ್ಯದ ದೃಷ್ಟಿಯಿಂದ ಮಹತ್ವವಿದೆ. ಅಕ್ಷಿಪಟಲದ ಅಂಚಿನಲ್ಲಿ ನಿಧಾನವಾಗಿ ಉಂಟಾಗುವ ಹಾನಿಯನ್ನೂ ಮೆದುಳು ಇದೇ ರೀತಿ ಮರೆಮಾಡಬಲ್ಲದು. ಒಂದು ಕಣ್ಣಿನ ನಷ್ಟವನ್ನು ಇನ್ನೊಂದು ಕಣ್ಣು ಮುಚ್ಚಿಹಾಕಬಲ್ಲದು. ಹೀಗಾಗಿ ‘ನನಗೆ ಚೆನ್ನಾಗಿ ಕಾಣುತ್ತಿದೆ’ ಎಂಬ ಅನಿಸಿಕೆಯೊಂದೇ ಅಕ್ಷಿಪಟಲ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ಆಧಾರವಾಗಲಾರದು.

8. ತಪಾಸಣಾ ವರದಿಯ ಮೂರು ಅಳತೆಗಳು

(ಅ) ದೃಷ್ಟಿ ತೀಕ್ಷ್ಣತೆ: ಇದು ಮುಖ್ಯವಾಗಿ ಮಧ್ಯಭಾಗದ ಅಳತೆ. 6/18 ಎಂದರೆ ಸಾಮಾನ್ಯ ದೃಷ್ಟಿಯುಳ್ಳವರು 18 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ತಪಾಸಣೆಗೆ ಒಳಪಟ್ಟವರು 6 ಮೀಟರ್ ದೂರದಿಂದ ಓದಬಲ್ಲರು ಎಂದರ್ಥ.

(ಆ) ದೃಷ್ಟಿ ಕ್ಷೇತ್ರ: ನೋಟವನ್ನು ಒಂದೆಡೆ ನೆಟ್ಟಾಗ ಸುತ್ತಲೂ ಎಷ್ಟು ವಿಸ್ತಾರದವರೆಗೆ ಕಾಣುತ್ತದೆ ಎಂಬುದರ ಅಳತೆ. ಇದು ಅಂಚಿನ ಭಾಗಗಳ ಸ್ಥಿತಿಯನ್ನು ತಿಳಿಸುತ್ತದೆ.

(ಇ) ವರ್ಣದೃಷ್ಟಿ: ಮೂರು ಬಗೆಯ ಶಂಕುಕೋಶಗಳ ಸ್ಥಿತಿಯನ್ನು ತಿಳಿಸುತ್ತದೆ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಮೊದಲ ಎರಡೂ ಅಳತೆಗಳನ್ನು ಪರಿಗಣಿಸಲಾಗಿದೆ. ಅದರಂತೆ, ದೃಷ್ಟಿ ಸಂಪೂರ್ಣವಾಗಿ ಇಲ್ಲದಿರುವುದು, ಅಥವಾ ಸಾಧ್ಯವಿರುವ ಅತ್ಯುತ್ತಮ ಕನ್ನಡಕದ ನೆರವಿನ ನಂತರವೂ ಉತ್ತಮ ಕಣ್ಣಿನ ತೀಕ್ಷ್ಣತೆ 3/60ಕ್ಕಿಂತ ಕಡಿಮೆ ಇರುವುದು, ಅಥವಾ ದೃಷ್ಟಿ ಕ್ಷೇತ್ರವು 10 ಡಿಗ್ರಿಗಿಂತ ಕಡಿಮೆ ಇರುವುದು, ಇವುಗಳಲ್ಲಿ ಯಾವುದೇ ಒಂದು ಇದ್ದಲ್ಲಿ ಅದನ್ನು ಅಂಧತ್ವ ಎಂದು ಪರಿಗಣಿಸಲಾಗುತ್ತದೆ. ತೀಕ್ಷ್ಣತೆಯು 6/18ಕ್ಕಿಂತ ಹೆಚ್ಚಿಲ್ಲದೆ 3/60ರವರೆಗೆ ಇರುವುದು ಅಥವಾ ಕ್ಷೇತ್ರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿವರೆಗೆ ಇರುವುದನ್ನು ಮಂದದೃಷ್ಟಿ ಎನ್ನಲಾಗುತ್ತದೆ.

ಆದುದರಿಂದ, ಅಕ್ಷರಗಳನ್ನು ಓದಬಲ್ಲವರಾಗಿದ್ದರೂ ಕೊಳವೆಯ ಮೂಲಕ ನೋಡಿದಂತೆ ಕಿರಿದಾದ ಕ್ಷೇತ್ರ ಮಾತ್ರ ಉಳಿದಿರುವ ವ್ಯಕ್ತಿಯೂ ಈ ವ್ಯಾಖ್ಯೆಯ ಅಡಿ ಬರಬಹುದು. ಇಂತಹವರು ತಾವು ಅರ್ಹರಲ್ಲವೆಂದು ಭಾವಿಸಿ ಅರ್ಜಿ ಸಲ್ಲಿಸದೇ ಉಳಿಯಬೇಕಾಗಿಲ್ಲ. ತಪಾಸಣೆಯ ಸಮಯದಲ್ಲಿ ನಡೆದಾಡುವಾಗಿನ ಹಾಗೂ ರಾತ್ರಿ ವೇಳೆಯ ತೊಂದರೆಗಳನ್ನು ನೇತ್ರತಜ್ಞರಿಗೆ ತಿಳಿಸಿದಲ್ಲಿ ಕ್ಷೇತ್ರ ಪರೀಕ್ಷೆ ನಡೆಸಲು ಅನುಕೂಲವಾಗುತ್ತದೆ.

9. ಅಕ್ಷಿಪಟಲಕ್ಕೆ ಹಾನಿಯುಂಟುಮಾಡುವ ಪ್ರಮುಖ ಸ್ಥಿತಿಗಳು

(ಅ) ಮಧುಮೇಹ: ರಕ್ತದಲ್ಲಿ ಸಕ್ಕರೆ ಅಂಶ ದೀರ್ಘಕಾಲ ಹೆಚ್ಚಿದ್ದಲ್ಲಿ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಸಡಿಲಗೊಂಡು ಸೋರತೊಡಗುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಆಮ್ಲಜನಕದ ಕೊರತೆ ನೀಗಿಸಲು ಹುಟ್ಟುವ ಹೊಸ ನಾಳಗಳು ದುರ್ಬಲವಾಗಿದ್ದು, ಒಡೆದು ಕಣ್ಣಿನೊಳಗೆ ರಕ್ತಸ್ರಾವವಾಗಬಹುದು. ಆರಂಭದಲ್ಲಿ ನೋವಾಗಲಿ ಮಸುಕಾಗಲಿ ಇರುವುದಿಲ್ಲ. ಆದುದರಿಂದ ಮಧುಮೇಹಿಗಳು, ದೃಷ್ಟಿ ಚೆನ್ನಾಗಿದ್ದರೂ, ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ. ಸಕಾಲದಲ್ಲಿ ಪತ್ತೆಯಾದರೆ ಲೇಸರ್, ಕಣ್ಣಿನೊಳಗಿನ ಚುಚ್ಚುಮದ್ದು ಹಾಗೂ ಶಸ್ತ್ರಚಿಕಿತ್ಸೆಗಳಿಂದ ದೃಷ್ಟಿಯನ್ನು ಉಳಿಸಿಕೊಳ್ಳಬಹುದು.

(ಆ) ಅವಧಿಪೂರ್ವ ಜನನ: ಅಕ್ಷಿಪಟಲದ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯುವುದು ಗರ್ಭಾವಸ್ಥೆಯ ಕೊನೆಯ ವಾರಗಳಲ್ಲಿ. ಮುಂಚಿತವಾಗಿ ಜನಿಸಿದ ಶಿಶುಗಳಲ್ಲಿ ಈ ಬೆಳವಣಿಗೆ ದಾರಿ ತಪ್ಪಿ ಅಕ್ಷಿಪಟಲವೇ ಕಳಚಿಕೊಳ್ಳುವ ಅಪಾಯವಿದೆ. 34 ವಾರಗಳಿಗೆ ಮುಂಚೆ ಅಥವಾ 2 ಕಿಲೋಗ್ರಾಂಗಿಂತ ಕಡಿಮೆ ತೂಕದಲ್ಲಿ ಜನಿಸಿದ ಶಿಶುಗಳ ಕಣ್ಣುಗಳನ್ನು ಜನನದ 30 ದಿನಗಳೊಳಗೆ ಪರೀಕ್ಷಿಸತಕ್ಕದ್ದು. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಕಿಡ್‌ರಾಪ್ ಯೋಜನೆಯಡಿ ಜಿಲ್ಲೆಗಳ ನವಜಾತ ಶಿಶು ಘಟಕಗಳಲ್ಲಿ ತಂತ್ರಜ್ಞರು ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆದು, ದೂರದ ತಜ್ಞರಿಗೆ ಅಂತರ್ಜಾಲದ ಮೂಲಕ ರವಾನಿಸುವ ಕ್ರಮವನ್ನು ಜಾರಿಗೆ ತರಲಾಯಿತು.

(ಇ) ಆನುವಂಶಿಕ ಕ್ಷಯ: ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಸ್ಥಿತಿಯಲ್ಲಿ ಮೊದಲು ದಂಡಕೋಶಗಳು ನಶಿಸುವುದರಿಂದ ಇರುಳುಗಣ್ಣು ಕಾಣಿಸಿಕೊಂಡು, ನಂತರ ಕ್ಷೇತ್ರವು ಅಂಚಿನಿಂದ ಕಿರಿದಾಗುತ್ತದೆ. ಇದರ ಕೆಲವು ಬಗೆಗಳು ಹತ್ತಿರದ ರಕ್ತಸಂಬಂಧಿಗಳ ವಿವಾಹದಿಂದ ಜನಿಸಿದ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು.

(ಈ) ವಯೋಸಹಜ ಮ್ಯಾಕ್ಯುಲಾ ಕ್ಷಯ: ಇದರಲ್ಲಿ ಅಂಚು ಉಳಿದು ಮಧ್ಯಭಾಗದ ದೃಷ್ಟಿ ಕುಂದುತ್ತದೆ. ನೇರವಾದ ಗೆರೆಗಳು ಡೊಂಕಾಗಿ ಕಾಣುವುದು ಆರಂಭಿಕ ಲಕ್ಷಣಗಳಲ್ಲೊಂದು. ಧೂಮಪಾನವು ಅಪಾಯವನ್ನು ಹೆಚ್ಚಿಸುತ್ತದೆ.

(ಉ) ಸೂರ್ಯನನ್ನು ದಿಟ್ಟಿಸುವುದು: ಅಕ್ಷಿಪಟಲದಲ್ಲಿ ನೋವಿನ ನರಗಳಿಲ್ಲ. ಸೂರ್ಯನ ಬಿಂಬದಿಂದ ಮಧ್ಯಭಾಗಕ್ಕೆ ಹಾನಿಯಾಗುತ್ತಿದ್ದರೂ ಆ ಕ್ಷಣದಲ್ಲಿ ತಿಳಿಯುವುದಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು ಹಾಗೂ ಕೊಡಗಿನ ಭಾಗಗಳಲ್ಲಿ ಕಂಡುಬಂದಂತಹ ಕಂಕಣ ಸೂರ್ಯಗ್ರಹಣದಲ್ಲಿ ಉಳಿಯುವ ಉಂಗುರದ ಬೆಳಕೂ ಹಾನಿಗೆ ಸಾಕಾಗುತ್ತದೆ. ಕನ್ನಡಿ ಮಸಿ, ಎಕ್ಸ್-ರೇ ಹಾಳೆ, ಸಗಣಿನೀರಿನ ಪ್ರತಿಬಿಂಬ ಇವು ಯಾವುವೂ ಸುರಕ್ಷಿತವಲ್ಲ.

10. ವಿಳಂಬ ಮಾಡದೆ ಆಸ್ಪತ್ರೆಗೆ ತೆರಳಬೇಕಾದ ಲಕ್ಷಣಗಳು

• ಕಣ್ಣಿನ ಮುಂದೆ ಒಮ್ಮೆಗೇ ಬಹಳಷ್ಟು ಕಪ್ಪು ಚುಕ್ಕೆಗಳು ತೇಲಾಡುವುದು.
• ಬೆಳಕಿಲ್ಲದಿದ್ದರೂ ಮಿಂಚು ಹೊಡೆದಂತೆ ಭಾಸವಾಗುವುದು.
• ಒಂದು ಬದಿಯಿಂದ ಪರದೆ ಎಳೆದಂತೆ ದೃಷ್ಟಿ ಮರೆಯಾಗುವುದು.
• ನೋವಿಲ್ಲದೆ ಒಂದು ಕಣ್ಣಿನ ದೃಷ್ಟಿ ಹಠಾತ್ತನೆ ಹೋಗುವುದು.

ಮೊದಲ ಮೂರು ಲಕ್ಷಣಗಳು ಅಕ್ಷಿಪಟಲವು ಹರಿದು ವರ್ಣಕ ಪದರದಿಂದ ಕಳಚಿಕೊಳ್ಳುತ್ತಿರುವುದನ್ನು ಸೂಚಿಸಬಹುದು. ಮಧ್ಯಭಾಗ ಕಳಚುವ ಮೊದಲೇ ಶಸ್ತ್ರಚಿಕಿತ್ಸೆಯಾದಲ್ಲಿ ಓದುವ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ನಾಲ್ಕನೆಯದು ರಕ್ತನಾಳ ಮುಚ್ಚಿಹೋದುದರ ಲಕ್ಷಣವಾಗಿರಬಹುದಾಗಿದ್ದು, ಅದರಲ್ಲಿ ಗಂಟೆಗಳೇ ನಿರ್ಣಾಯಕ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಕ್ಷಿಪಟಲದ ತೊಂದರೆ ಕನ್ನಡಕದಿಂದ ಸರಿಹೋಗುವುದೇ?
ಉತ್ತರ: ಇಲ್ಲ. ಕನ್ನಡಕವು ಬಿಂಬವನ್ನು ಸರಿಯಾದ ಸ್ಥಳದಲ್ಲಿ ಬೀಳಿಸುತ್ತದೆಯೇ ಹೊರತು ಬಿಂಬವನ್ನು ಗ್ರಹಿಸುವ ಕೋಶಗಳನ್ನು ದುರಸ್ತಿ ಮಾಡಲಾರದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರವೂ ದೃಷ್ಟಿ ಸುಧಾರಿಸದಿದ್ದಲ್ಲಿ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ.

ಪ್ರಶ್ನೆ: ಪರೀಕ್ಷೆಗೆ ಬರುವಾಗ ವಹಿಸಬೇಕಾದ ಎಚ್ಚರಿಕೆಗಳೇನು?
ಉತ್ತರ: ಪಾಪೆಯನ್ನು ಹಿಗ್ಗಿಸುವ ಹನಿ ಔಷಧ ಹಾಕಿದ ಬಳಿಕ ಕೆಲವು ಗಂಟೆಗಳ ಕಾಲ ದೃಷ್ಟಿ ಮಂಜಾಗಿರುತ್ತದೆ. ಆದುದರಿಂದ ಜೊತೆಗೊಬ್ಬರನ್ನು ಕರೆತರುವುದು ಹಾಗೂ ಸ್ವತಃ ವಾಹನ ಚಲಾಯಿಸದಿರುವುದು ಒಳ್ಳೆಯದು. ಹಳೆಯ ವರದಿಗಳನ್ನೂ ಬಳಸುತ್ತಿರುವ ಕನ್ನಡಕವನ್ನೂ ತರತಕ್ಕದ್ದು.

ಪ್ರಶ್ನೆ: ಬಣ್ಣಗುರುಡು ಇರುವವರಿಗೆ ಚಾಲನಾ ಪರವಾನಗಿ ದೊರೆಯುವುದೇ?
ಉತ್ತರ: 2020ರ ಜೂನ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ ನಮೂನೆಗಳಿಗೆ ತಂದ ತಿದ್ದುಪಡಿಯ ಮೇರೆಗೆ, ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಉಳ್ಳವರು ಪರವಾನಗಿ ಪಡೆಯಲು ಅವಕಾಶವಿದೆ. ತೀವ್ರ ಪ್ರಮಾಣದ್ದಕ್ಕೆ ನಿರ್ಬಂಧವಿದೆ.

ಪ್ರಶ್ನೆ: ದಾನವಾಗಿ ಪಡೆದ ಕಣ್ಣಿನಿಂದ ಅಕ್ಷಿಪಟಲವನ್ನು ಬದಲಾಯಿಸಬಹುದೇ?
ಉತ್ತರ: ಸಾಧ್ಯವಿಲ್ಲ. ನೇತ್ರದಾನದಿಂದ ದೃಷ್ಟಿ ಮರಳುವುದು ಕಾರ್ನಿಯಾ ದೋಷವುಳ್ಳವರಿಗೆ ಮಾತ್ರ. ಆದರೆ ಅಕ್ಷಿಪಟಲ ಹಾಳಾಗಿ ದೃಷ್ಟಿ ಕಳೆದುಕೊಂಡವರ ಕಾರ್ನಿಯಾ ಆರೋಗ್ಯವಾಗಿದ್ದಲ್ಲಿ, ಅವರೂ ಮರಣಾನಂತರ ನೇತ್ರದಾನ ಮಾಡಬಹುದು. ಅಂದರೆ ತಮಗೆ ದೊರೆಯಲಾಗದ ದೃಷ್ಟಿಯನ್ನು ಅವರು ಇತರರಿಗೆ ನೀಡಬಲ್ಲರು. ಮರಣದ 6 ಗಂಟೆಗಳೊಳಗೆ ಸಮೀಪದ ನೇತ್ರ ಬ್ಯಾಂಕಿಗೆ ತಿಳಿಸುವುದು ಅವಶ್ಯಕ.

ಪ್ರಶ್ನೆ: ದೃಷ್ಟಿದೋಷದ ಪ್ರಮಾಣಪತ್ರಕ್ಕೆ ಎಲ್ಲಿ ಅರ್ಜಿ ಸಲ್ಲಿಸಬೇಕು?
ಉತ್ತರ: ಯುಡಿಐಡಿ ಜಾಲತಾಣದಲ್ಲಿ ಅರ್ಜಿ ನೋಂದಾಯಿಸಿದ ನಂತರ ನಿಗದಿತ ವೈದ್ಯಕೀಯ ಪ್ರಾಧಿಕಾರದ ಮುಂದೆ ತಪಾಸಣೆಗೆ ಹಾಜರಾಗತಕ್ಕದ್ದು. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆ ಪ್ರಮಾಣೀಕೃತವಾದಲ್ಲಿ ಅಧಿನಿಯಮದಡಿ ಮಾನದಂಡಿತ ಅಂಗವಿಕಲತೆ ಎಂದು ಪರಿಗಣಿಸಲಾಗುತ್ತದೆ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ರೋಗನಿರ್ಣಯ ಹಾಗೂ ಚಿಕಿತ್ಸೆಗೆ ನೇತ್ರತಜ್ಞರ ಸಲಹೆಯೇ ಅಂತಿಮ.